ಅರ್ಧ ಬಿಲ್ಲೆ

(ರಜೆಗೆ ಊರಿಗೆ ಬಂದಾಗ ಮೈಸೂರಿನಲ್ಲಿ ಇತಿಹಾಸದ ಆಸಕ್ತಿ ಇರುವ ಗೆಳೆಯರ ಮುಂದೆ ಆಡಿದ ಮಾತು. ಬರೆದುಕೊಡಿ ಎಂದು ಕೆಲವರು ಕೇಳಿದ್ದರಿಂದ, ಆಡಿದ ಹಾಗೆಯೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ದಕ್ಷಿಣ ಜರ್ಮನಿಯಲ್ಲಿ ಬೋಡನ್‌ಸೇ ಎಂಬ ದೊಡ್ಡ ಸರೋವರದ ಹತ್ತಿರ ಇದ್ದೇನೆ. ಎಂಜಿನಿಯರ್ ಕೆಲಸ. ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಮನೆಯ ಒಡತಿ ಒಬ್ಬರೇ ಇದ್ದಾರೆ. ಎಂಬತ್ತು ದಾಟಿದ ಹೆಂಗಸು. ನನ್ನ ಮಗಳು ಅವರನ್ನು ಅಜ್ಜಿ ಎಂದು ಕರೆಯುತ್ತಾಳೆ. ಆ ಮಾತಿನ ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವರು ಬೇರೆ ಹೆಸರಿಗೆ ಒಪ್ಪಲಿಲ್ಲ. ಹಾಗಾಗಿ ಇವತ್ತು ನಾನೂ ಅಜ್ಜಿ ಎಂದೇ ಹೇಳುತ್ತೇನೆ.

2018ರಲ್ಲಿ ಒಂದು ಸಂಜೆ ಅಜ್ಜಿ ಒಂದು ಕಾಗದ ಹಿಡಿದುಕೊಂಡು ಮೇಲೆ ಬಂದರು. ರಷ್ಯಾದ ವೋಲ್ಗಗ್ರಾಡ್ (ಯುದ್ಧದ ಕಾಲದಲ್ಲಿ ಅದರ ಹೆಸರು ಸ್ಟಾಲಿನ್‌ಗ್ರಾಡ್) ಹತ್ತಿರ ನೆಲ ಅಗೆಯುವಾಗ ಕೆಲವು ಸೈನಿಕರ ಮೂಳೆಗಳು ಸಿಕ್ಕಿವೆ, ಅದರಲ್ಲಿ ಒಬ್ಬರು ನಿಮ್ಮ ಅಣ್ಣ ಎಂದು ಅದರಲ್ಲಿ ಬರೆದಿತ್ತು. ಕಳಿಸಿದ್ದು ಫೋಲ್ಕ್ಸ್‌ಬುಂಡ್. ಸತ್ತ ಜರ್ಮನ್ ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳುವ ಸಂಸ್ಥೆ ಇದು. 1919ರಲ್ಲಿ ಶುರುವಾಯಿತು. ಈಗ 46 ದೇಶಗಳಲ್ಲಿ 800ಕ್ಕೂ ಹೆಚ್ಚು ಸ್ಮಶಾನಗಳನ್ನು ನೋಡಿಕೊಳ್ಳುತ್ತಿದೆ. ಕಾಗದದ ಜೊತೆ ಒಂದು ಫೋಟೊ ಇತ್ತು. ತುಕ್ಕು ಹಿಡಿದ ಒಂದು ಲೋಹದ ತುಂಡು, ಅರ್ಧ ಚಂದ್ರನ ಆಕಾರದ್ದು.

ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ನನ್ನಣ್ಣ ಸತ್ತಾಗ ಅವನ ಜೊತೆ ಯಾರಿದ್ದರು? ನೀನು ಕಂಪ್ಯೂಟರ್ ಗೊತ್ತಿರುವವನಲ್ವಾ, ಹುಡುಕಿಕೊಡು."

ಅಣ್ಣ ಸ್ಟಾಲಿನ್‌ಗ್ರಾಡ್‌ನಲ್ಲಿ ಸತ್ತ ಎನ್ನುವುದು ಅವರಿಗೆ ಮೊದಲೇ ಗೊತ್ತಿತ್ತು. 1942ರ ಕೊನೆಯಲ್ಲಿ ಸೇನೆಯಲ್ಲಿ ಅವನ ಕಂಪನಿಯ ಮುಖ್ಯಸ್ಥ ಅವರ ಅಮ್ಮನಿಗೆ ಕಾಗದ ಬರೆದಿದ್ದ. ಆಗ ಅಜ್ಜಿಗೆ ಆರು ವರ್ಷ. ಆದರೆ ಅವನು ಯಾವ ತುಕಡಿಯಲ್ಲಿದ್ದ ಎನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜೊತೆಯಲ್ಲಿ ಯಾರಿದ್ದರು ಎಂದು ತಿಳಿಯಬೇಕಾದರೆ ತುಕಡಿ ತಿಳಿಯಬೇಕು. ಒಂದೂವರೆ ವರ್ಷ ನಾವಿಬ್ಬರೂ ಮಾಡಿದ್ದು ಇದೇ ಹುಡುಕಾಟ.

ಮೊದಲು ಆ ಲೋಹದ ತುಂಡಿನ ವಿಷಯ. ಎರಡನೇ ಮಹಾಯುದ್ಧದ ಪ್ರತಿ ಜರ್ಮನ್ ಸೈನಿಕನ ಕೊರಳಲ್ಲೂ ಒಂದು ಬಿಲ್ಲೆ ಇರುತ್ತಿತ್ತು. ಮೊಟ್ಟೆಯ ಆಕಾರ, ಸತು ಅಥವಾ ಅಲ್ಯೂಮಿನಿಯಂ. ನಡುವೆ ಅಡ್ಡಲಾಗಿ ಸೀಳುಗಳಿರುತ್ತಿದ್ದವು, ಕೈಯಲ್ಲೇ ಮುರಿಯುವ ಹಾಗೆ. ಎರಡು ಅರ್ಧಗಳ ಮೇಲೂ ಒಂದೇ ಬರಹ. ಸೈನಿಕ ಸತ್ತರೆ ಕೆಳಗಿನ ಅರ್ಧ ಮುರಿದು ಮೇಲಕ್ಕೆ ಕಳಿಸುತ್ತಿದ್ದರು. ದಾರ ಕಟ್ಟಿದ ಮೇಲಿನ ಅರ್ಧ ದೇಹದ ಜೊತೆಯೇ ಮಣ್ಣಿಗೆ ಹೋಗುತ್ತಿತ್ತು. ಹಾಗಾಗಿ ಅಗೆದಾಗ ಇಡೀ ಬಿಲ್ಲೆ ಸಿಕ್ಕರೆ ಆ ಸಾವನ್ನು ಯಾರೂ ನೋಡಿಲ್ಲ, ಬರೆದಿಲ್ಲ ಎಂದು ಸಾಮಾನ್ಯವಾಗಿ ಅರ್ಥ. ಅರ್ಧ ಸಿಕ್ಕರೆ ಯಾರೋ ಪಕ್ಕದಲ್ಲಿ ಕೂತು ಇನ್ನರ್ಧ ಮುರಿದುಕೊಂಡಿದ್ದಾರೆ. ಇದನ್ನು ಹೇಳಿದಾಗ ಅಜ್ಜಿ ಆ ಫೋಟೊವನ್ನು ತುಂಬಾ ಹೊತ್ತು ನೋಡಿದರು.

ಆ ಬಿಲ್ಲೆಯ ಮೇಲೆ ಹೆಸರು ಇರುವುದಿಲ್ಲ. ನಮ್ಮ ಹಳ್ಳಿಗಳ ವೀರಗಲ್ಲು ನೋಡಿ. ಬರಹ ಉಳಿದಿದ್ದರೆ ಯಾರ ಆಳ್ವಿಕೆಯಲ್ಲಿ, ಯಾವ ಊರಿನ ದನ ಬಿಡಿಸಲು ಹೋಗಿ ಯಾರು ಸತ್ತರು ಎಂದೆಲ್ಲ ಓದಬಹುದು. ಇಲ್ಲಿ ಅದೇನೂ ಇಲ್ಲ. ಒಂದು ತುಕಡಿಯ ಹೆಸರಿನ ಚಿಕ್ಕ ರೂಪ, ಒಂದು ಕ್ರಮಸಂಖ್ಯೆ, ರಕ್ತದ ಗುಂಪಿನ ಅಕ್ಷರ. ಅಷ್ಟೇ. ಆ ಸಂಖ್ಯೆಯಿಂದ ಹೆಸರಿಗೆ ಹೋಗಬೇಕಾದರೆ ಪಟ್ಟಿ ಬೇಕು.

ಆ ಪಟ್ಟಿ ಇದೆ, ಬರ್ಲಿನ್‌ನಲ್ಲಿ. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಉಳಿದ ಎಲ್ಲವೂ ಇದರ ಮೇಲೆ ನಿಂತಿದೆ. ಯುದ್ಧ ಶುರುವಾಗುವ ಕೆಲವೇ ದಿನ ಮುಂಚೆ, 1939ರ ಆಗಸ್ಟ್ 26ರಂದು, ಸತ್ತವರ ಮತ್ತು ಸೆರೆಯಾದವರ ಮಾಹಿತಿ ಇಡಲು ಜರ್ಮನ್ ಸೇನೆ ಒಂದು ಕಚೇರಿ ತೆರೆಯಿತು. ಇಂಥ ಕಚೇರಿ ಇರಬೇಕು ಎಂದು 1929ರ ಜಿನೀವಾ ಒಪ್ಪಂದ ಹೇಳಿತ್ತು. ಜನ ಅದನ್ನು ಚಿಕ್ಕದಾಗಿ ವಾಸ್ಟ್ ಎನ್ನುತ್ತಾರೆ. 1943ರಲ್ಲಿ ಬರ್ಲಿನ್ ಮೇಲೆ ಬಾಂಬ್ ಬೀಳುವುದು ಜಾಸ್ತಿಯಾದಾಗ ಅದನ್ನು ತ್ಯೂರಿಂಗನ್ ಪ್ರದೇಶಕ್ಕೆ ಸಾಗಿಸಿದರು. 1945ರಲ್ಲಿ ಅದು ಅಮೆರಿಕನ್ನರ ಕೈಗೆ ಸಿಕ್ಕಿತು. ಮರುವರ್ಷ ಮತ್ತೆ ಬರ್ಲಿನ್‌ಗೆ ಬಂತು, ಫ್ರೆಂಚರ ಉಸ್ತುವಾರಿಗೆ ಹೋಯಿತು. ಸೋತ ಸೇನೆಯ ಕಚೇರಿಯನ್ನು ಗೆದ್ದವರು ಮುಚ್ಚಲಿಲ್ಲ. ಮುಚ್ಚಿದ್ದರೆ ಲಕ್ಷಾಂತರ ವಿಧವೆಯರಿಗೆ ಮರಣಪತ್ರ ಕೊಡುವವರೇ ಇರುತ್ತಿರಲಿಲ್ಲ. 2019ರ ಜನವರಿ 1ರಿಂದ ಅದು ಜರ್ಮನಿಯ ಕೇಂದ್ರ ದಾಖಲೆ ಸಂಗ್ರಹಾಲಯವಾದ ಬುಂಡೆಸ್‌ಆರ್ಖಿವ್‌ನ ಭಾಗ. ಅಲ್ಲಿನ ಹೆಸರಿನ ಕಾರ್ಡುಗಳೇ 1 ಕೋಟಿ 80 ಲಕ್ಷಕ್ಕೂ ಹೆಚ್ಚು.

ಆ ಕಾಗದಗಳು ಇಲ್ಲದೆ ಹೋಗಿದ್ದರೆ ಏನಾಗುತ್ತಿತ್ತು ಎನ್ನುವುದಕ್ಕೆ ಪಕ್ಕದಲ್ಲೇ ಉದಾಹರಣೆ ಇದೆ. 1945ರ ಏಪ್ರಿಲ್ 14ರ ರಾತ್ರಿ ಪೋಟ್ಸ್‌ಡಾಮ್ ಮೇಲೆ ಬಿದ್ದ ಬಾಂಬುಗಳಿಗೆ ಸೇನೆಯ ದಾಖಲೆ ಭಂಡಾರ ಸುಟ್ಟುಹೋಯಿತು. ಮೊದಲ ಮಹಾಯುದ್ಧದ ಪ್ರಷ್ಯನ್ ಸೈನಿಕರ (ಪ್ರಷ್ಯಾ ಆಗಿನ ಜರ್ಮನಿಯ ಅತಿ ದೊಡ್ಡ ರಾಜ್ಯ) ಕಡತಗಳು ಬಹುಪಾಲು ಅಲ್ಲಿಗೇ ಮುಗಿದವು. ಬವೇರಿಯಾದವರ ಕಡತಗಳು ಮ್ಯೂನಿಕ್‌ನಲ್ಲಿದ್ದವು, ಉಳಿದುಕೊಂಡವು. ಒಂದೇ ಕಂದಕದ ಆಚೆ ಈಚೆ ಸತ್ತ ಇಬ್ಬರಲ್ಲಿ ಒಬ್ಬನ ಬದುಕು ಇವತ್ತು ಪುಟಗಟ್ಟಲೆ ಸಿಗುತ್ತದೆ, ಇನ್ನೊಬ್ಬನದು ಒಂದು ಸಾಲೂ ಸಿಗುವುದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇವತ್ತು ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ ಎಂದರೆ ಇದನ್ನೇ ಹೇಳುತ್ತೇನೆ.

ಫೋಟೊದಲ್ಲಿ ಬಿಲ್ಲೆಯ ಅಕ್ಷರ ಓದಲು ಆಗುತ್ತಿತ್ತು. ಕಾಲಾಳು ಪಡೆಯ ತುಕಡಿ, ಅದರ ನಂಬರ್. ಸೇನೆಯಲ್ಲಿ ಕೆಲವು ಕಂಪನಿ ಸೇರಿದರೆ ಬೆಟಾಲಿಯನ್, ಬೆಟಾಲಿಯನ್‌ಗಳು ಸೇರಿದರೆ ರೆಜಿಮೆಂಟ್, ರೆಜಿಮೆಂಟುಗಳು ಸೇರಿದರೆ ಡಿವಿಷನ್. ಅದೇ ನಂಬರಿನ ರೆಜಿಮೆಂಟ್ ನಮ್ಮ ಸರೋವರದ ಕಡೆಯದೇ. ಸಿಕ್ಕಿತು ಎಂದುಕೊಂಡೆ. ಎರಡು ತಿಂಗಳು ಆ ರೆಜಿಮೆಂಟಿನ ಬಗ್ಗೆ ಓದಿದೆ. 1942ರ ಶರತ್ಕಾಲದಲ್ಲಿ ಅದು ಮಾಸ್ಕೋ ದಿಕ್ಕಿನಲ್ಲಿ, ರ್ಝೆವ್ ಪಟ್ಟಣದ ಕಡೆ ಹೋರಾಡುತ್ತಿತ್ತು. ವೋಲ್ಗಗ್ರಾಡ್‌ಗೂ ರ್ಝೆವ್‌ಗೂ ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಮನುಷ್ಯ ಅಲ್ಲಿ ಸತ್ತು ಮೂಳೆ ಇಲ್ಲಿ ಸಿಗಲು ಸಾಧ್ಯವಿಲ್ಲ ಅಲ್ವಾ?

ನಾನು ಬಿಲ್ಲೆಯ ಮೇಲಿದ್ದ ಒಂದು ಚಿಕ್ಕ ಪದವನ್ನು ಸರಿಯಾಗಿ ಗಮನಿಸಿರಲಿಲ್ಲ. ಎರ್ಸಾಟ್ಸ್. ಅಂದರೆ ಬದಲಿ. ಜರ್ಮನ್ ಸೇನೆ ಎರಡು ಭಾಗವಾಗಿತ್ತು. ಯುದ್ಧರಂಗದಲ್ಲಿ ಹೋರಾಡುವುದು ಒಂದು. ಊರಲ್ಲೇ ಇದ್ದು ಹೊಸಬರನ್ನು ಸೇರಿಸಿಕೊಂಡು, ತರಬೇತಿ ಕೊಟ್ಟು, ಕಡಿಮೆಯಾದ ಕಡೆಗೆ ಕಳಿಸುವುದು ಇನ್ನೊಂದು. ಹುಡುಗ ಮೊದಲ ದಿನ ಹೋಗಿ ಸೇರುತ್ತಿದ್ದುದು ಈ ಬದಲಿ ಬೆಟಾಲಿಯನ್‌ಗೆ. ಬಿಲ್ಲೆ ಕೊಡುತ್ತಿದ್ದುದೂ ಅಲ್ಲೇ. ಆಮೇಲೆ ಅವನನ್ನು ಎಲ್ಲಿಗೆ ಕಳಿಸಿದರೂ, ಎಷ್ಟು ತುಕಡಿ ಬದಲಾದರೂ, ಕಳೆದುಹೋಗದಿದ್ದರೆ ಕೊರಳಲ್ಲಿ ಅದೇ ಬಿಲ್ಲೆ. ಅದು ಅವನು ಹೊರಟ ಜಾಗವನ್ನು ಹೇಳುತ್ತದೆ. ಸತ್ತಾಗ ಯಾವ ತುಕಡಿಯಲ್ಲಿದ್ದ ಎಂದು ಹೇಳುವುದಿಲ್ಲ. ಈ ತಪ್ಪು ನಾನೊಬ್ಬನೇ ಮಾಡಿದ್ದಲ್ಲ. ಎಷ್ಟೋ ಮನೆಗಳಲ್ಲಿ ತಾತ ಇಂಥ ರೆಜಿಮೆಂಟ್ ಎಂದು ನಂಬಿಕೊಂಡಿರುವುದು ಬಿಲ್ಲೆಯ ಮೇಲಿನ ಬದಲಿ ಬೆಟಾಲಿಯನ್ ನಂಬರನ್ನು.

ಹೊರಟ ಜಾಗದಿಂದ ಮುಟ್ಟಿದ ಜಾಗದವರೆಗೆ ಕೊಂಡಿ ಎಲ್ಲಿದೆ? ಅದೂ ಅದೇ ಪಟ್ಟಿಗಳಲ್ಲಿದೆ. ಪ್ರತಿ ತುಕಡಿ ತನ್ನಲ್ಲಿರುವವರ ಬಿಲ್ಲೆ ಸಂಖ್ಯೆಗಳ ಪಟ್ಟಿಯನ್ನು ವಾಸ್ಟ್‌ಗೆ ಕಳಿಸಬೇಕಿತ್ತು. ಆಮೇಲೆ ಯಾರು ಬಂದರು, ಎಲ್ಲಿಂದ ಬಂದರು, ಯಾರು ಹೋದರು, ಎಲ್ಲಿಗೆ ಹೋದರು ಎಂದು ಆಗಾಗ ಬದಲಾವಣೆಯ ವರದಿ ಕೊಡಬೇಕಿತ್ತು. ಒಂದೊಂದು ವರದಿಯೂ ಒಂದೊಂದು ಮೆಟ್ಟಿಲು. ನಾವು ಅರ್ಜಿ ಬರೆದೆವು. ಹೆಸರು, ಹುಟ್ಟಿದ ದಿನ, ಹುಟ್ಟಿದೂರು, ಅಜ್ಜಿಗೆ ಅವನು ಏನಾಗಬೇಕು ಎನ್ನುವುದು. ಉತ್ತರಕ್ಕೆ ಬಹಳ ತಿಂಗಳು ಕಾಯಬೇಕು. ಅಷ್ಟು ಕಾರ್ಡುಗಳ ನಡುವೆ ಒಬ್ಬನನ್ನು ಹುಡುಕುವ ಕೆಲಸ ಅದು.

ಕಾಯುವಾಗ ಸುಮ್ನೆ ಕೂರಲಿಲ್ಲ. ಅಜ್ಜಿಯ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ಅದರಲ್ಲಿ ಅಣ್ಣನ ಐದು ಕಾಗದ, ಒಂದು ಫೋಟೊ. ಇರಬೇಕಾಗಿದ್ದ ಇನ್ನೊಂದು ವಸ್ತು ಇರಲಿಲ್ಲ. ಸೈನಿಕ ಸತ್ತರೆ ಅವನ ಸೇನಾ ಪುಸ್ತಕವನ್ನು ಮನೆಗೆ ಕಳಿಸುತ್ತಿದ್ದರು, ವೆರ್‌ಪಾಸ್ ಎಂದು ಹೆಸರು. ಎಲ್ಲೆಲ್ಲಿ ಕೆಲಸ ಮಾಡಿದ, ಯಾವ ಕಾಳಗಗಳಲ್ಲಿದ್ದ ಎಂದು ಅದರಲ್ಲೇ ಬರೆದಿರುತ್ತದೆ. ಅದೊಂದು ಸಿಕ್ಕರೆ ಹುಡುಕಾಟವೇ ಬೇಡ. ಆದರೆ 1945ರ ವಸಂತದಲ್ಲಿ ಫ್ರೆಂಚ್ ಸೈನ್ಯ ಊರಿಗೆ ಬರುವ ಹಿಂದಿನ ದಿನ ಅಮ್ಮ ಅದನ್ನು ಒಲೆಗೆ ಹಾಕಿದರಂತೆ, ಸ್ವಸ್ತಿಕದ ಮುದ್ರೆ ಇರುವ ಯಾವುದೂ ಮನೆಯಲ್ಲಿ ಸಿಗಬಾರದು ಎಂದು. ಕಾಗದಗಳನ್ನು ಮಾತ್ರ ಸುಡಲು ಮನಸ್ಸಾಗಲಿಲ್ಲ. ಮಗನ ಕೈಬರಹ.

ಆ ಐದು ಕಾಗದಗಳ ಮೂಲೆಯಲ್ಲಿ ಕಳಿಸಿದವನ ವಿಳಾಸ ಇತ್ತು. ಊರಿನ ಹೆಸರಿಲ್ಲ, ರೆಜಿಮೆಂಟ್ ಇಲ್ಲ. ಹೆಸರು, ಐದು ಅಂಕಿಯ ಒಂದು ಸಂಖ್ಯೆ, ಪಕ್ಕದಲ್ಲಿ ಒಂದು ಅಕ್ಷರ, "ಸಿ". ಇದು ಫೆಲ್ಡ್‌ಪೋಸ್ಟ್, ಯುದ್ಧರಂಗದ ಅಂಚೆ. ಕಾಗದ ಶತ್ರುವಿನ ಕೈಗೆ ಸಿಕ್ಕರೂ ಯಾವ ತುಕಡಿ ಎಲ್ಲಿದೆ ಎಂದು ತಿಳಿಯಬಾರದು ಅಂತ ಈ ಏರ್ಪಾಡು. ಯಾವ ಸಂಖ್ಯೆ ಯಾವ ತುಕಡಿಯದು ಎನ್ನುವ ಗುಟ್ಟಿನ ಪಟ್ಟಿಗಳು ಈಗ ಎಲ್ಲರಿಗೂ ಸಿಗುತ್ತವೆ. ಆದರೆ ಅಲ್ಲೂ ಎಚ್ಚರ ಬೇಕು. ಒಂದೇ ಸಂಖ್ಯೆಯನ್ನು ಯುದ್ಧದ ನಡುವೆ ಬೇರೆ ತುಕಡಿಗೆ ಕೊಟ್ಟಿರುವುದುಂಟು. ಕಾಗದದ ತಾರೀಕು ನೋಡದೆ ಪಟ್ಟಿ ನೋಡಿದರೆ ಮತ್ತೆ ದಾರಿ ತಪ್ಪುತ್ತದೆ.

ನಾವು ತಾರೀಕು ಹಿಡಿದು ನೋಡಿದೆವು. 577ನೇ ಕಾಲಾಳು ರೆಜಿಮೆಂಟಿನ ಎರಡನೇ ಬೆಟಾಲಿಯನ್. ಬೆಟಾಲಿಯನ್‌ಗೆ ಒಂದು ಸಂಖ್ಯೆ, ಅದರೊಳಗೆ "ಎ" ಕಚೇರಿಗೆ, "ಬಿ"ಯಿಂದ "ಇ"ವರೆಗೆ ನಾಲ್ಕು ಕಂಪನಿಗಳಿಗೆ. ಜರ್ಮನ್ ರೆಜಿಮೆಂಟಿನಲ್ಲಿ ಕಂಪನಿಗಳಿಗೆ ಸಾಲಾಗಿ ನಂಬರ್ ಕೊಡುತ್ತಿದ್ದರು. ಮೊದಲ ಬೆಟಾಲಿಯನ್‌ನಲ್ಲಿ 1ರಿಂದ 4, ಎರಡನೆಯದರಲ್ಲಿ 5ರಿಂದ 8. "ಸಿ" ಅಂದರೆ ಎರಡನೆಯ ಕಂಪನಿ. ಅಂದರೆ 6. ಅಡುಗೆಮನೆಯ ಮೇಜಿನ ಮೇಲೆ ಬೆರಳು ಮಡಚಿ ಎಣಿಸಿದೆವು. 577ನೇ ರೆಜಿಮೆಂಟಿನ 6ನೇ ಕಂಪನಿ. 76 ವರ್ಷ ಆ ಉತ್ತರ ಡಬ್ಬಿಯಲ್ಲೇ ಇತ್ತು.

ಬರ್ಲಿನ್‌ನಿಂದ ಉತ್ತರ ಬಂದಾಗ ಅದೇ ಇತ್ತು. ಬದಲಿ ಬೆಟಾಲಿಯನ್‌ನಿಂದ 577ಕ್ಕೆ ಕಳಿಸಿದ್ದು, ಕಂಪನಿ 6. ಸಾವಿನ ಸಾಲಿನಲ್ಲಿ ಮಾತ್ರ "577ನೇ ಗ್ರೆನೇಡಿಯರ್ ರೆಜಿಮೆಂಟ್" ಎಂದಿತ್ತು. ಬೇರೆ ರೆಜಿಮೆಂಟೇನೋ ಎಂದು ಅಜ್ಜಿಗೆ ಗಾಬರಿ. ಅಲ್ಲ. 1942ರ ಅಕ್ಟೋಬರ್ 15ರಂದು ಕಾಲಾಳು ರೆಜಿಮೆಂಟುಗಳಿಗೆಲ್ಲ ಗ್ರೆನೇಡಿಯರ್ ಎಂದು ಹೆಸರು ಬದಲಿಸಿದರು. ಜನ ಅವರೇ, ಬೋರ್ಡ್ ಬೇರೆ.

577 ಇದ್ದದ್ದು 305ನೇ ಡಿವಿಷನ್‌ನಲ್ಲಿ. 1940ರ ಡಿಸೆಂಬರ್‌ನಲ್ಲಿ ಕಟ್ಟಿದ್ದು. ನಮ್ಮ ಸರೋವರದ ಸುತ್ತಲಿನ ಹುಡುಗರು ತುಂಬಿದ್ದರಿಂದ ಬೋಡನ್‌ಸೇ ಡಿವಿಷನ್ ಎಂದೇ ಕರೆಯುತ್ತಿದ್ದರು. ಮೊದಲು ಫ್ರಾನ್ಸ್‌ನಲ್ಲಿ ಕಾವಲು. 1942ರ ಮೇ ತಿಂಗಳಲ್ಲಿ ಯುಕ್ರೇನಿನ ಹಾರ್ಕಿವ್ ಕಡೆಗೆ. ಅಲ್ಲಿಂದ ಡಾನ್ ನದಿ, ಅಕ್ಟೋಬರ್‌ನಲ್ಲಿ ಸ್ಟಾಲಿನ್‌ಗ್ರಾಡ್ ಪಟ್ಟಣದ ಒಳಗೆ. ಅಕ್ಟೋಬರ್ 14ರ ಬೆಳಗ್ಗೆ ಟ್ರ್ಯಾಕ್ಟರ್ ಕಾರ್ಖಾನೆಯ ಮೇಲೆ ನಡೆದ ದೊಡ್ಡ ದಾಳಿಯಲ್ಲಿ 14ನೇ ಪಾಂಜರ್ (ಟ್ಯಾಂಕ್) ಡಿವಿಷನ್, 389ನೇ ಡಿವಿಷನ್ ಜೊತೆ ಇದೂ ಇತ್ತು. ಅಜ್ಜಿಯ ಅಣ್ಣನಿಗೆ ಏಟು ಬಿದ್ದದ್ದು 15ರಂದು.

ನಂಬರ್ ಸಿಕ್ಕಿತೆಂದು ಇಲ್ಲಿಗೇ ನಿಲ್ಲಬಾರದು ಎನ್ನುವುದಕ್ಕೆ ಎರಡು ಮಾತು. ಸ್ಟಾಲಿನ್‌ಗ್ರಾಡ್‌ನಲ್ಲಿ ನಾಶವಾದ 305ನ್ನು 1943ರಲ್ಲಿ ಅದೇ ನಂಬರಿನಲ್ಲಿ ಮತ್ತೆ ಕಟ್ಟಿ ಇಟಲಿಗೆ ಕಳಿಸಿದರು. 1944ರಲ್ಲಿ ಇಟಲಿಯಲ್ಲಿ ಸತ್ತ 305ರವನೂ ಇವನೂ ಒಬ್ಬರ ಮುಖ ಒಬ್ಬರು ನೋಡಿರಲಾರರು. ಆ ಇಟಲಿಯ ಯುದ್ಧದಲ್ಲಿ ಎದುರು ಪಕ್ಷದಲ್ಲಿ ಭಾರತದ 4, 8, 10ನೇ ಡಿವಿಷನ್‌ಗಳಿದ್ದವು. ನಾಲ್ಕನೆಯದರಲ್ಲಿ ನಮ್ಮ ಬೆಂಗಳೂರಿನಲ್ಲೇ ನೆಲೆ ಇರುವ ಮದ್ರಾಸ್ ಸ್ಯಾಪರ್ಸ್‌ನ 12ನೇ ಫೀಲ್ಡ್ ಕಂಪನಿ ಇತ್ತು. ಅಲ್ಲಿ ಸಾಂಗ್ರೊ ನದಿಯ ಹತ್ತಿರದ ಸ್ಮಶಾನದಲ್ಲಿ, ದಹನ ಮಾಡಿದ 500ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರಿನ ಸ್ಮಾರಕ ಇದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಾಗೆ ಹೋಗಿ ಬಾರದವರಿದ್ದರೆ, ಕಾಮನ್‌ವೆಲ್ತ್ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರಿನಿಂದಲೇ ಹುಡುಕಬಹುದು. ದಯವಿಟ್ಟು ಹುಡುಕಿ.

ಇನ್ನೊಂದು. ಡಿವಿಷನ್ ಎಲ್ಲಿತ್ತೋ ಮನುಷ್ಯನೂ ಅಲ್ಲೇ ಇದ್ದ ಎಂದು ಹೇಳಲಾಗುವುದಿಲ್ಲ. 1942ರ ನವೆಂಬರ್ 11ರಂದು ಸ್ಟಾಲಿನ್‌ಗ್ರಾಡ್‌ನ ಬ್ಯಾರಿಕಾಡಿ ಫಿರಂಗಿ ಕಾರ್ಖಾನೆ ಹಿಡಿಯಲು ಬೇರೆ ಡಿವಿಷನ್‌ಗಳ ಪಯನಿಯರ್ (ಸೇನೆಯ ಎಂಜಿನಿಯರ್ ಸೈನಿಕರ) ಬೆಟಾಲಿಯನ್‌ಗಳನ್ನು ತಂದು 305ರ ಜೊತೆ ನಿಲ್ಲಿಸಿದರು. 336ನೇ ಡಿವಿಷನ್ ಸ್ಟಾಲಿನ್‌ಗ್ರಾಡ್‌ನಲ್ಲಿ ಇರಲೇ ಇಲ್ಲ, ಅದರ ಪಯನಿಯರ್‌ಗಳು ಅಲ್ಲಿ ಸತ್ತರು. ಡಿವಿಷನ್‌ನ ಚರಿತ್ರೆ ಮಾತ್ರ ಓದಿದ ಮೊಮ್ಮಕ್ಕಳು ಆ ಅಜ್ಜಂದಿರನ್ನು ಬೇರೆಲ್ಲೋ ಹುಡುಕುತ್ತಾರೆ.

ತುಕಡಿ ತಿಳಿದ ಮೇಲೆ ಆ ದಿನ ಏನಾಯಿತು ಎಂದು ನೋಡಲು ಫ್ರೈಬುರ್ಗ್‌ನ ಸೇನಾ ದಾಖಲೆ ಸಂಗ್ರಹಾಲಯ ಇದೆ. ತುಕಡಿಗಳು ದಿನದಿನ ಬರೆದ ಯುದ್ಧದ ದಿನಚರಿಗಳು ಅಲ್ಲಿವೆ. ಯುದ್ಧ ಮುಗಿದಾಗ ಇವು ಅಮೆರಿಕಕ್ಕೆ ಹೋಗಿದ್ದವು. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ, ಹಳೆಯ ಟಾರ್ಪೆಡೊ ಕಾರ್ಖಾನೆಯೊಂದರಲ್ಲಿ ಇಟ್ಟು ಮೈಕ್ರೋಫಿಲ್ಮ್ ಮಾಡಿ ಆಮೇಲೆ ವಾಪಸ್ ಕಳಿಸಿದರು. ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದ ಡಿವಿಷನ್‌ಗಳ ಕೊನೆಯ ತಿಂಗಳುಗಳ ಕಾಗದ ಬಹುಪಾಲು ಅಲ್ಲೇ ಹೋಯಿತು. ನವೆಂಬರ್ 23ಕ್ಕೆ ಸೋವಿಯತ್ ಸೈನ್ಯದ ಮುತ್ತಿಗೆ ಸುತ್ತಲೂ ಮುಚ್ಚಿಕೊಳ್ಳುವ ಮೊದಲು ಹೊರಗೆ ಹೋದ ವರದಿಗಳು ಮೇಲಿನ ಕಚೇರಿಗಳಲ್ಲಿ ಉಳಿದವು. ಅಣ್ಣ ಅಕ್ಟೋಬರ್‌ನಲ್ಲಿ ಸತ್ತದ್ದರಿಂದಲೇ ಅವನ ಸಾವಿಗೆ ಕಾಗದ ಇದೆ. ಜನವರಿಯಲ್ಲಾಗಿದ್ದರೆ "ಕಾಣೆಯಾದವನು" ಎಂಬ ಒಂದೇ ಪದ ಸಿಗುತ್ತಿತ್ತು.

ಆ ಕಾಗದದಲ್ಲಿ ಇದ್ದದ್ದನ್ನು ಓದಿ ನಾನು ಎರಡು ದಿನ ಕೆಳಗೆ ಹೋಗಲಿಲ್ಲ. ಕಂಪನಿ ಮುಖ್ಯಸ್ಥ ಅಮ್ಮನಿಗೆ ಬರೆದಿದ್ದು ಹೀಗೆ: ತಲೆಗೆ ಗುಂಡು ತಗುಲಿತು, ತಕ್ಷಣ ಪ್ರಾಣ ಹೋಯಿತು, ನೋವು ಅನುಭವಿಸಲಿಲ್ಲ. ಸಾವಿನ ವರದಿಯಲ್ಲಿ "ಎ.ಜಿ." ಎಂದಿತ್ತು. ಅಂದರೆ ಫಿರಂಗಿಯ ಗುಂಡು. ಹೊಟ್ಟೆಗೆ ಗಾಯ. 16ರಂದು ಚಿಕಿತ್ಸಾ ಶಿಬಿರದಲ್ಲಿ ಸಾವು, ಅದರ ಪಕ್ಕದಲ್ಲೇ ಮಣ್ಣು. ಸಾವಿರಾರು ತಾಯಂದಿರಿಗೆ ಮುಖ್ಯಸ್ಥರು ಬರೆದದ್ದು ಅದೇ ಮಾತು, ತಕ್ಷಣ, ನೋವಿಲ್ಲದೆ. ಅವರನ್ನು ನಾನು ಬೈಯಲಾರೆ.

ಕೊನೆಗೆ ಹೇಳಿದೆ. ಅಜ್ಜಿ ಸುಮ್ಮನೆ ಕೇಳಿಸಿಕೊಂಡರು. "ಹಾಗಾದರೆ ಒಂದು ದಿನ ಅವನ ಪಕ್ಕ ಯಾರೋ ಇದ್ದರು" ಎಂದರು. ನನಗೆ ಹೊಳೆಯದೇ ಇದ್ದದ್ದು ಅವರಿಗೆ ಹೊಳೆಯಿತು.

ಇನ್ನೊಂದು ಪ್ರಶ್ನೆಯನ್ನೂ ಅವರೇ ಎತ್ತಿದರು. ಅವನು ಕೆಟ್ಟದ್ದು ಮಾಡಿದ್ದನಾ? ಇದನ್ನು ಬಿಟ್ಟು ಈ ಮಾತು ಮುಗಿಸುವುದು ಸರಿಯಲ್ಲ. ಅದು ಹಿಟ್ಲರನ ಸೇನೆ. 305 ಸೇರಿದ 6ನೇ ಆರ್ಮಿ, ಅದು ಸೇರುವ ಮೊದಲೇ, 1941ರಲ್ಲಿ ಕೀವ್‌ನ ಬಾಬಿ ಯಾರ್‌ನಲ್ಲಿ ಯಹೂದಿಗಳನ್ನು ಕೊಂದದ್ದಕ್ಕೆ ನೆರವಾಗಿತ್ತು. 1942ರ ಆಗಸ್ಟ್ 23ರಂದು ಸ್ಟಾಲಿನ್‌ಗ್ರಾಡ್ ಮೇಲೆ ಬಿದ್ದ ಬಾಂಬಿಗೆ ಸಾವಿರಾರು ಸಾಮಾನ್ಯ ಜನ ಸತ್ತರು. ತುಕಡಿ ಹುಡುಕುವುದೆಂದರೆ ಆ ತುಕಡಿಯ ದಾರಿಯಲ್ಲಿ ಬೇರೆಯವರಿಗೆ ಏನಾಯಿತು ಎನ್ನುವುದನ್ನೂ ಓದುವುದು. ಅರ್ಧ ಓದಿ ಮಡಚಿಡುವುದಾದರೆ ಹುಡುಕಬಾರದು. ಒಬ್ಬ ಸೈನಿಕ ಏನು ಮಾಡಿದ ಎಂದು ಆ ಕಾಗದಗಳು ಹೇಳುವುದಿಲ್ಲ ಎಂದೆ. ತಲೆಯಾಡಿಸಿದರು. ಅಣ್ಣನ ಮೂಳೆಗಳು ಈಗ ಇರುವ ರೊಸೊಷ್ಕಾದಲ್ಲಿ ರಸ್ತೆಯ ಈಚೆ ಜರ್ಮನ್ನರ ಸ್ಮಶಾನ, ಆಚೆ ಸೋವಿಯತ್ ಸೈನಿಕರದ್ದು. ಎರಡೂ ಕಡೆ ಹೂ ಇಡಲು ಆಗುತ್ತಾ ಎಂದು ವಿಚಾರಿಸಿದರು.

ಕೊನೆಗೆ ಅವರ ಮೊದಲ ಪ್ರಶ್ನೆ. ಜೊತೆಯಲ್ಲಿ ಯಾರಿದ್ದರು? ಸ್ಟಾಲಿನ್‌ಗ್ರಾಡ್‌ನಲ್ಲಿ ಸುಮಾರು 91,000 ಜನ ಸೆರೆಯಾದರು, ಮನೆಗೆ ಬಂದವರು ಸುಮಾರು 6,000. ಕಾಣೆಯಾದವರನ್ನು ಹುಡುಕಲು ಜರ್ಮನ್ ರೆಡ್‌ಕ್ರಾಸ್ 1950ರ ದಶಕದ ಕೊನೆಯಲ್ಲಿ 200ಕ್ಕೂ ಹೆಚ್ಚು ಸಂಪುಟಗಳನ್ನು ಅಚ್ಚು ಹಾಕಿಸಿತು. 14 ಲಕ್ಷ ಹೆಸರು, ಸುಮಾರು 9 ಲಕ್ಷ ಫೋಟೊ. ಸೆರೆಯಿಂದ ವಾಪಸ್ ಬಂದವರಿಗೆ ಅದನ್ನು ತೋರಿಸಿ ಇವನನ್ನು ನೋಡಿದ್ದೀರಾ ಎಂದು ಕೇಳುತ್ತಿದ್ದರು. ಹಾಗೆ ಕೇಳಲು ಅನುಕೂಲವಾಗಲೆಂದು ತುಕಡಿಯ ಪ್ರಕಾರ ಜೋಡಿಸಿದ್ದಾರೆ. ಈಗ ಅವನ್ನು ಇಂಟರ್ನೆಟ್‌ನಲ್ಲೂ ನೋಡಬಹುದು. ತುಕಡಿ ಗೊತ್ತಿಲ್ಲದಿದ್ದರೆ ನಮಗೆ ಅದು ಲಕ್ಷಾಂತರ ಅಪರಿಚಿತರ ಮುಖ. ಗೊತ್ತಿದ್ದರಿಂದ ಕೆಲವೇ ಪುಟ.

ಒಂದು ಭಾನುವಾರ ಮಧ್ಯಾಹ್ನ 577ರ ಪುಟ ತೆರೆದು ಲ್ಯಾಪ್‌ಟಾಪನ್ನು ಅವರ ಮುಂದಿಟ್ಟೆ. ಅಂಚೆಚೀಟಿಯಷ್ಟೇ ಇರುವ ಫೋಟೊಗಳು. ಕೆಲವರು ಸಮವಸ್ತ್ರದಲ್ಲಿ, ಕೆಲವರು ಮದುವೆಯ ಕೋಟಿನಲ್ಲಿ. ಅಜ್ಜಿ ಡಬ್ಬಿಯಿಂದ ಅಣ್ಣನ ಫೋಟೊ ತೆಗೆದು ಪಕ್ಕದಲ್ಲಿಟ್ಟುಕೊಂಡರು. ಒಂದು ಟ್ಯಾಂಕ್ ಮುಂದೆ ನಾಲ್ಕು ಹುಡುಗರು ನಗುತ್ತಾ ನಿಂತ ಫೋಟೊ ಅದು. ಇದೇ ಫೋಟೊ ನೋಡಿ ಅಣ್ಣ ಟ್ಯಾಂಕ್ ಪಡೆಯಲ್ಲಿದ್ದ ಎಂದು ಮನೆಯವರು ಇಷ್ಟು ವರ್ಷ ನಂಬಿದ್ದರು. ಕಾಗದಗಳಲ್ಲಿ ಅವನು ಒಬ್ಬ ಗೆಳೆಯನ ಹೆಸರನ್ನು ಮೂರು ಸಲ ಬರೆದಿದ್ದ, ಬರೀ ಮೊದಲ ಹೆಸರು. 6ನೇ ಕಂಪನಿಯವರಲ್ಲಿ ಆ ಹೆಸರಿನವರು ಇಬ್ಬರು ಸಿಕ್ಕರು. ಒಬ್ಬ ಬೇಕರಿಯವನು, ಒಬ್ಬ ರೈತ. ಟ್ಯಾಂಕ್ ಮುಂದೆ ನಿಂತವರಲ್ಲಿ ಇವರಿದ್ದಾರಾ ಎಂದು ಭೂತಗನ್ನಡಿ ಹಿಡಿದು ನೋಡಿದೆವು. ಹೇಳಲು ಆಗಲಿಲ್ಲ.

"ಇಬ್ಬರದ್ದೂ ಪ್ರಿಂಟ್ ತೆಗೆದುಕೊಡು" ಎಂದರು ಅಜ್ಜಿ. ತೆಗೆದುಕೊಟ್ಟೆ. ಕತ್ತರಿಯಲ್ಲಿ ಅಂಚು ನೀಟಾಗಿ ಕತ್ತರಿಸಿ, ಅರ್ಧ ಬಿಲ್ಲೆಯ ಫೋಟೊ ಜೊತೆ ಡಬ್ಬಿಯೊಳಗೆ ಇಟ್ಟುಕೊಂಡರು.